ನೃಪತುಂಗನ ಕಾಲದ ಒಂದು ಅಂಕಿಹಾರ

ಸೇಡಂ ಕಡೆಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವಳು ನಾನು. ಕಾಗಿಣಾ ದಂಡೆಯ ಮಳಖೇಡ ಎಂದರೆ ನಮ್ಮ ಮಕ್ಕಳಿಗೆ ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ, ಪಾಳುಬಿದ್ದ ಕೋಟೆ. ಅದೇ ದೊರೆಯನ್ನು ಮಂಗಳಭಾಗದಲ್ಲಿ ಹಾಡಿ ಹೊಗಳಿ, ಸುಮಾರು 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದರು ಎಂಬುದನ್ನು ಮಕ್ಕಳಿಗೆ ಹೇಳುವವರು ಕಡಿಮೆ.

ಗುಣಾಕಾರದ ಪಾಠದಲ್ಲಿ ಅವರದೊಂದು ಲೆಕ್ಕವಿದೆ: 27994681ನ್ನು 441ರಿಂದ ಗುಣಿಸಬೇಕು. ಬರುವ ಉತ್ತರ 12345654321. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಸಂಖ್ಯೆಗಳನ್ನು ಆಚಾರ್ಯರು ಕೊರಳ ಹಾರವೆಂದು ಕರೆದರು.

ಹಾರ ಹೇಗೆ ಪೋಣಿಸಲಾಗಿದೆ ಎಂದು ಬಿಚ್ಚಿ ನೋಡಬೇಕು. ಇದು 111111ರ ವರ್ಗ. 111111 ಎಂದರೆ 3, 7, 11, 13, 37 ಈ ಐದು ಅವಿಭಾಜ್ಯಗಳ ಗುಣಲಬ್ಧ. ಮೊದಲೆರಡನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ ಮೂರನ್ನು ಗುಣಿಸಿದರೆ 5291, ಅದರ ವರ್ಗ 27994681. ಶಿಷ್ಯನ ಕೈಗೆ ಕೊಟ್ಟ ಎರಡೂ ಸಂಖ್ಯೆಗಳು ಪೂರ್ಣವರ್ಗಗಳೇ! ಇದು ಆಕಸ್ಮಿಕವೆಂದು ನಾನು ಒಪ್ಪಲಾರೆ. ಅವರೇ ಕೊಟ್ಟ ಇನ್ನೊಂದು ಲೆಕ್ಕದಲ್ಲಿ 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು ಸಾಲಾಗಿ ನಿಲ್ಲುತ್ತವೆ. ಆ ಸಾಲನ್ನು 73 ನಿಶ್ಶೇಷವಾಗಿ ಭಾಗಿಸುತ್ತದೆಂದು ಮೊದಲೇ ಕಂಡುಕೊಳ್ಳದೆ ಇಂಥ ಪ್ರಶ್ನೆ ಹುಟ್ಟದು. ದೊಡ್ಡ ಸಂಖ್ಯೆಯ ಒಡಲು ಅವರಿಗೆ ಗೊತ್ತಿತ್ತು.

ಒಂದುಗಳ ಸಾಲಿನ ವರ್ಗ ಹೀಗೆ ಏರಿಳಿಯುವುದು ಒಂಬತ್ತು ಒಂದುಗಳವರೆಗೆ ಮಾತ್ರ. ಅಲ್ಲಿ 12345678987654321 ಬರುತ್ತದೆ. ಹತ್ತನೆಯದನ್ನು ಸೇರಿಸಿದರೆ ನಡುವೆ ದಶಕ ಉಕ್ಕಿ, ಹಾರ ಹರಿಯುತ್ತದೆ.

ಕಲಿಸುವವಳಾಗಿ ನನಗೆ ಇದರಲ್ಲಿ ಇನ್ನೊಂದು ಜಾಣ್ಮೆ ಕಾಣುತ್ತದೆ. ಒಂದು ಅಂಕಿ ತಪ್ಪಿದರೂ ಉತ್ತರದ ಅಂದ ಕೆಡುತ್ತದೆ. ತಾಳೆ ನೋಡಲು ಗುರುವೇ ಬೇಕಿಲ್ಲ. ಮಗು ತಾನೇ ಕಂಡುಹಿಡಿದು ತಿದ್ದಿಕೊಳ್ಳಬಹುದು.

ಸ್ಥಾನಗಳ ಹೆಸರುಗಳನ್ನೂ ಅವರು ಏಕ, ದಶ, ಶತದಿಂದ ತೊಡಗಿ ಮಹಾಕ್ಷೋಭದವರೆಗೆ 24 ಕೊಟ್ಟಿದ್ದಾರೆ. ನಮ್ಮ ಹಾರಕ್ಕೆ 11 ಸ್ಥಾನ ಸಾಕು.

ಗ್ರಂಥ ಸಂಸ್ಕೃತದ್ದು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಇದನ್ನು ತೆಲುಗಿಗೆ ತಂದ. ದಕ್ಷಿಣದಲ್ಲಿ ಉಳಿದಿದ್ದ ಹಸ್ತಪ್ರತಿಗಳನ್ನು, ಅವುಗಳಲ್ಲಿ ಕನ್ನಡ ಲಿಪಿಯ ಓಲೆಗರಿಗಳನ್ನೂ, ಕಲೆಹಾಕಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದವನ್ನು ಹೊಂಬುಜದ ಜೈನ ಮಠ 2000ದಲ್ಲಿ ಹೊರತಂದಿತು. ಗಣಿತದ ಮೇಷ್ಟ್ರುಗಳು ಅದನ್ನು ಶಾಲೆಗೆ ತರಿಸಿಕೊಳ್ಳಲಿ, ಅಪವರ್ತನ ಕಲಿಸುವ ದಿನ 12ನ್ನೋ 36ನ್ನೋ ಒಡೆಸಿದ ಮೇಲೆ ಮಕ್ಕಳ ಮುಂದೆ 111111ನ್ನು ಇಡಲಿ.