ಕುಕ್ಕರಿನ ಬಿರಡೆ, ತುಂಗಭದ್ರೆಯ ಕೊಂಡಿ

ನನ್ನ ಮದುವೆಗೆ ಕೊರಟಗೆರೆಯ ದೊಡ್ಡಮ್ಮ ಐದು ಲೀಟರಿನ ಕುಕ್ಕರ್ ಒಂದನ್ನು ಉಡುಗೊರೆ ಕೊಟ್ಟಿದ್ದರು. ಮೂವತ್ತು ವರ್ಷ ಆಯಿತು. ಮಧುಗಿರಿಯ ನಮ್ಮ ಅಡುಗೆಮನೆಯಲ್ಲಿ ಅದು ಬೇಯಿಸಿದ ಬೇಳೆಗೆ ಲೆಕ್ಕ ಇಟ್ಟವರಿಲ್ಲ. ಹಿಡಿ ಎರಡು ಸಲ ಬದಲಾಯಿತು, ರಬ್ಬರು ಎಷ್ಟು ಸಲವೋ. ಆದರೆ ಮುಚ್ಚಳದ ಮೇಲೆ ಗುಂಡಿಯಂತೆ ಕೂತಿದ್ದ ಸೇಫ್ಟಿ ವಾಲ್ವನ್ನು ನಾನು ತಿರುಗಿಯೂ ನೋಡಿರಲಿಲ್ಲ. ಅದು ಇಷ್ಟು ವರ್ಷದಲ್ಲಿ ಕೆಲಸ ಮಾಡಿದ್ದು ಒಂದೇ ಒಂದು ದಿನ. 2024ರ ಶ್ರಾವಣದಲ್ಲಿ ನಮ್ಮತ್ತೆ ಹುರುಳಿಕಾಳು ಬೇಯಲಿಟ್ಟಿದ್ದರು. ಸಿಪ್ಪೆ ಹೋಗಿ ವಿಷಲ್ಲಿನ ತೂತಿಗೆ ಅಡರಿಕೊಂಡಿತು. ಒಳಗೆ ಹಬೆ ಏರಿ ಏರಿ ಕಡೆಗೆ ವಾಲ್ವಿನ ಲೋಹ ಕರಗಿ ಬುಸ್ಸೆಂದು ಹುರುಳಿಕಟ್ಟು ಚಾವಣಿಗೆ ಹೊಡೆಯಿತು. ಅತ್ತೆ ಬೈದದ್ದು ಪಾಪ, ಆ ವಾಲ್ವನ್ನೇ. “ಇನ್ನೇನು ಬೇಯ್ತು ಅನ್ನೋ ಹೊತ್ತಿಗೆ ಕೈಕೊಡ್ತು ನೋಡು!” ಅದು ಕೈಕೊಡದೆ ಇದ್ದಿದ್ದರೆ ಮುಚ್ಚಳ ಎಲ್ಲಿ ಹೋಗಿ ಬೀಳುತ್ತಿತ್ತೋ ನಾನು ಹೇಳಲಿಲ್ಲ. ಎಂಬತ್ತು ದಾಟಿದವರನ್ನು ಯಾಕೆ ಹೆದರಿಸುವುದು?

ಆ ವಾಲ್ವು ಹುಡುಕಿದ್ದೇ ಒಂದು ಕಥೆ. ಮಧುಗಿರಿಯ ಪಾತ್ರೆ ಅಂಗಡಿಯವರು, “ಆ ಮಾಡೆಲ್ ನಿಂತು ಯಾವ ಕಾಲ ಆಯ್ತು ಮೇಡಂ, ಹೊಸ ಕುಕ್ಕರೇ ತಗೊಂಡುಬಿಡಿ” ಎಂದರು. ರಿಪೇರಿಯವನೊಬ್ಬ ಸೀಸ ಕಾಯಿಸಿ ಹೊಯ್ದು ತೂತು ಮುಚ್ಚಿಕೊಡುತ್ತೇನೆಂದ. ತೂತು ಮುಚ್ಚುವುದು ಕಷ್ಟವಲ್ಲ. ಇಂತಿಷ್ಟೇ ಬಿಸಿಗೆ ಕರಗಬೇಕು, ಅದಕ್ಕೆ ಮೊದಲು ಕರಗಬಾರದು, ಅದು ದಾಟಿದ ಮೇಲೆ ಕರಗದೆ ಇರಬಾರದು. ಹಾಗಿದ್ದರೆ ಮಾತ್ರ ಅದು ವಾಲ್ವು, ಇಲ್ಲದಿದ್ದರೆ ಬರೀ ಬಿರಡೆ. ಬೇಡಪ್ಪಾ ಎಂದು ಎದ್ದು ಬಂದೆ. ಕೊರಟಗೆರೆಯಲ್ಲೂ ಸಿಗಲಿಲ್ಲ. ಕಡೆಗೆ ಶಿರಾದಲ್ಲಿ, ಮುದುಕರೊಬ್ಬರ ಅಂಗಡಿಯ ಹಿಂಭಾಗದ ಬಿಸ್ಕತ್ತಿನ ಡಬ್ಬಿಯಲ್ಲಿ, ಕಾಗದ ಸುತ್ತಿಟ್ಟ ಹಳೆಯ ಸರಕು ಎರಡು ಸಿಕ್ಕವು. ಅವರು ಉಗುರಿನಿಂದ ಅದರ ಮರೆಯನ್ನು ಸವರಿ ನೋಡಿ, ಮುಚ್ಚಳಕ್ಕೆ ತಿರುಗಿಸಿ ಕೂರಿಸಿ, “ಇದನ್ನ ಯಾರೂ ಕೇಳಲ್ಲಮ್ಮ, ಬಿಸಾಕೋಕೆ ಮನಸ್ಸು ಬರ್ಲಿಲ್ಲ” ಎಂದರು.

ಅದೇ ತಿಂಗಳ 10ನೇ ತಾರೀಖು, ಶನಿವಾರ ರಾತ್ರಿ, ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಬೆಳಗ್ಗೆ ಟಿ.ವಿ.ಯಲ್ಲಿ ಆ ಬಿಳಿಯ ನೀರು ಧುಮುಕುವುದನ್ನು ನೋಡುತ್ತ ಕೂತವಳಿಗೆ ಕೈಯಲ್ಲಿದ್ದ ಕಾಫಿ ಆರಿದ್ದೂ ಗೊತ್ತಾಗಲಿಲ್ಲ.

ಹೊಸಪೇಟೆಗೂ ನಮಗೂ ಏನು ಸಂಬಂಧ ಎನ್ನಬೇಡಿ. ನಾನು ಎಂಟು ವರ್ಷ ಪಾವಗಡ ತಾಲ್ಲೂಕಿನಲ್ಲಿ ಪಾಠ ಹೇಳಿದವಳು. ಹೋದ ಹೊಸದರಲ್ಲಿ ಮಕ್ಕಳ ಹಲ್ಲಿನ ಮೇಲಿನ ಕಂದು ಕಲೆ ನೋಡಿ, ಹಲ್ಲುಜ್ಜಿ ಬನ್ನಿ ಎಂದು ಗದರಿಸಿದ್ದೆ. ಅದು ಉಜ್ಜಿದರೆ ಹೋಗುವ ಕಲೆಯಲ್ಲ, ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬಂದದ್ದು ಎಂದು ತಿಳಿದಾಗ ಆದ ನಾಚಿಕೆ ಇನ್ನೂ ಹೋಗಿಲ್ಲ. ಆ ಊರುಗಳಿಗೆ ತುಂಗಭದ್ರೆಯ ಹಿನ್ನೀರಿನಿಂದ ಪೈಪಿನಲ್ಲಿ ಕುಡಿಯುವ ನೀರು ತರುವ ಕೆಲಸ ಆಗ ನಡೆದಿತ್ತು; 2025ರಲ್ಲಿ ಅದರ ಉದ್ಘಾಟನೆಯೂ ಆಯಿತು. ಅಂದಮೇಲೆ ಆ ರಾತ್ರಿ ತುಂಡಾದ ಕೊಂಡಿಗೆ ಪಾವಗಡದ ಕೊಡಗಳೂ ತಗಲಿಕೊಂಡಿದ್ದವು.

ನಮ್ಮ ಕಡೆಯ ಕೆರೆಗಳ ತೂಬು ನೋಡಿದ್ದೀರಲ್ಲ? ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಕೆಳಗೆ ತೂತಿಗೆ ಮರದ ಬಿರಡೆ. ನೀರುಗಂಟಿ ಇಳಿದು ಅದನ್ನು ಎತ್ತಿದರೆ ಗದ್ದೆಗೆ ನೀರು. ಬಿರಡೆ ಕೊಳೆತರೆ ಊರ ಬಡಗಿ ಇನ್ನೊಂದು ಕೆತ್ತುತ್ತಿದ್ದ, ಮರವೂ ಅಲ್ಲೇ, ಬಡಗಿಯೂ ಅಲ್ಲೇ. ನೀರು ಹೆಚ್ಚಾದರೆ ಕೋಡಿ ಇತ್ತು. ಕೋಡಿಗೆ ಸರಪಳಿಯೂ ಇಲ್ಲ, ಮೋಟಾರೂ ಇಲ್ಲ. ಮಟ್ಟ ಮುಟ್ಟಿದರೆ ನೀರು ತಾನೇ ಹರಿದುಹೋಗುತ್ತದೆ. ಶಿರಾ ದಾಟಿದರೆ ಸಿಗುವ ಹಿರಿಯೂರಿನ ಮಾರಿಕಣಿವೆ, 1907ರಲ್ಲಿ ಮುಗಿದ ಅಷ್ಟು ದೊಡ್ಡ ಅಣೆಕಟ್ಟು, ಅದಕ್ಕೂ ಗೇಟಿಲ್ಲದ ಕೋಡಿಯೇ.

ತುಂಗಭದ್ರೆ ಬೇರೆ ಜಾತಿ. ಅಲ್ಲಿ ಕಟ್ಟೆ ಕಟ್ಟುವ ಯೋಚನೆ ಸರ್ ಆರ್ಥರ್ ಕಾಟನ್ ಕಾಲದ್ದು, 1860ರಷ್ಟು ಹಳೆಯದು. ಶಂಕುಸ್ಥಾಪನೆ ಆಗಲು 1945 ಬರಬೇಕಾಯಿತು. ಒಂದು ದಂಡೆ ಮದರಾಸು ಪ್ರಾಂತ್ಯದ್ದು, ಇನ್ನೊಂದು ಹೈದರಾಬಾದು ನಿಜಾಮರದು. ಇಬ್ಬರೂ ಸೇರಿ ಶುರುಮಾಡಿದ್ದು 1953ರಲ್ಲಿ ನೀರು ನಿಲ್ಲಿಸುವ ಹೊತ್ತಿಗೆ ಸ್ವತಂತ್ರ ಭಾರತದ್ದಾಗಿತ್ತು. ಮೈಮೇಲೆ 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಅಷ್ಟು ಭಾರವನ್ನು ಸರಪಳಿಗೆ ತೂಗುಹಾಕಿ, ಇನ್ನೊಂದು ಕಡೆ ತೂಕದ ದಿಮ್ಮಿ ಕಟ್ಟಿ, ತಕ್ಕಡಿಯಂತೆ ಸರಿತೂಗಿಸಿ ಎತ್ತಿಳಿಸುವ ಏರ್ಪಾಡು. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ, ಸಾಕು. ಎಪ್ಪತ್ತು ವರ್ಷ ಹಗ್ಗ ಬದಲಿಸದ ರಾಟೆಯನ್ನೂ ನೆನೆಸಿಕೊಳ್ಳಿ.

ಗೇಟು ಹೋದರೆ ತಾತ್ಕಾಲಿಕವಾಗಿ ಮುಚ್ಚಲು ಸ್ಟಾಪ್‌ಲಾಗ್ ಎಂಬ ಬದಲಿ ಗೇಟನ್ನು ದೊಡ್ಡ ಅಣೆಕಟ್ಟುಗಳಲ್ಲಿ ಇಟ್ಟಿರುತ್ತಾರೆ. ಹಳೆಯ ಅಂಗಡಿಗಳಲ್ಲಿ ಹಲಗೆಗಳನ್ನು ಗಾಡಿಯೊಳಗೆ ಒಂದೊಂದಾಗಿ ಸರಿಸಿ ಬಾಗಿಲು ಹಾಕುತ್ತಿದ್ದರಲ್ಲ, ಆ ಹಲಗೆಗಳನ್ನು ಮಲಗಿಸಿ ಒಂದರ ಮೇಲೊಂದು ಇಳಿಸಿದ ಹಾಗೆ. ತುಂಗಭದ್ರೆಯಲ್ಲಿ ಅದೇ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ವಸ್ತುವೂ ಅಲ್ಲ.

ಹಾಗಾದರೆ ಇಂಥದ್ದನ್ನು ಮಾಡುವವರು ಯಾರು? ನನ್ನನ್ನು ಬಹಳ ದಿನ ಕಾಡಿದ ಸಂಗತಿ ಇದು. ಹೊಸಪೇಟೆಯಲ್ಲೇ, ಅದೇ ಅಣೆಕಟ್ಟಿನ ಕೆಲಸಕ್ಕೆಂದು ಹುಟ್ಟಿದ ಕಾರ್ಯಾಗಾರವೊಂದಿತ್ತು. ಅದು ಬೆಳೆದು 1960ರಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಂಪನಿಯಾಯಿತು. ಅಣೆಕಟ್ಟಿನ ಗೇಟು, ಅದನ್ನು ಎತ್ತುವ ಯಂತ್ರ, ಇವೇ ಅದರ ಕಸುಬು. ದೇಶದ ಅನೇಕ ಅಣೆಕಟ್ಟುಗಳಿಗೆ ಅಲ್ಲಿಂದ ಗೇಟು ಹೋದವು. ನಷ್ಟಕ್ಕೆ ಬಿತ್ತು, ಆರ್ಡರು ಕಡಿಮೆಯಾಯಿತು, 2015ರಲ್ಲಿ ಅದನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಲೆಕ್ಕದ ಪುಸ್ತಕ ನೋಡಿದವರಿಗೆ ಅದು ಸರಿಯೆಂದೇ ಕಂಡಿರಬೇಕು. ಗೇಟು ವರ್ಷಕ್ಕೊಮ್ಮೆ ಒಡೆಯುವ ಮಡಕೆಯೇ, ದಿನಾ ಗಿರಾಕಿ ಬರಲು? ಒಂಬತ್ತು ವರ್ಷ ತಿರುಗುವುದರಲ್ಲಿ ಕೂಗಳತೆಯ ಅಣೆಕಟ್ಟೇ ಗಿರಾಕಿಯಾಗಿ ಬಂದು ನಿಂತಾಗ ಬಾಗಿಲಿಗೆ ಬೀಗವಿತ್ತು.

ಆದರೆ ಕಾರ್ಖಾನೆ ಹೋದರೂ ಅಲ್ಲಿ ದುಡಿದ ತಲೆಗಳು ಉಳಿದಿದ್ದವು. ಅಲ್ಲಿಂದ ನಿವೃತ್ತರಾಗಿದ್ದ ಎನ್. ಕನ್ನಯ್ಯ ನಾಯ್ಡು ಅವರನ್ನು, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಕರೆಸಿದರು. ಹರಿಯುವ ನೀರಿನಲ್ಲೇ ಗೇಟು ಕೂರಿಸಬಹುದು, ಜಲಾಶಯ ಬರಿದು ಮಾಡಬೇಕಿಲ್ಲ ಎಂದು ಹೇಳಿದವರು ಅವರು. ಒಡೆದ ಜಾಗದ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ಲಕ್ಷ ಕ್ಯುಸೆಕ್‌ನಷ್ಟು ನೀರು ಬಿಡುತ್ತಿದ್ದರು. ಅದರಲ್ಲಿ 19ನೆಯದೊಂದರಿಂದಲೇ ಸುಮಾರು 35 ಸಾವಿರ. ಹೋಗುವ ಒಂದೊಂದು ಗಳಿಗೆಯೂ ಕರ್ನಾಟಕ, ಆಂಧ್ರ, ತೆಲಂಗಾಣದ ರೈತರ ಬತ್ತದ ಗದ್ದೆಯಿಂದ ಹೋದದ್ದು. ತೋರಣಗಲ್ಲಿನ ಜಿಂದಾಲ್‌ನವರು, ಹೊಸಪೇಟೆ ಕಡೆಯ ಚಿಕ್ಕ ಎಂಜಿನಿಯರಿಂಗ್ ಕಾರ್ಖಾನೆಯವರು ಹಗಲೂರಾತ್ರಿ ಕೂತು 60 ಅಡಿ ಉದ್ದ, 4 ಅಡಿ ಎತ್ತರದ ಉಕ್ಕಿನ ಹಲಗೆಗಳನ್ನು ಮಾಡಿದರು. 16ರ ರಾತ್ರಿ ಮೊದಲನೆಯದು ಗಾಡಿಗೆ ಕೂತಿತು. ಐದೂ ಇಳಿದು 17ಕ್ಕೆ ನೀರು ನಿಂತಿತು. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಆ ದಿನ ನಾನು ಯಾರ ಮದುವೆಯೋ ಸುಸೂತ್ರವಾಗಿ ಮುಗಿದಂತೆ ಎಲ್ಲರಿಗೂ ಕಲ್ಲುಸಕ್ಕರೆ ಹಂಚಿದ್ದೆ. ಗಣಿತದ ಮೇಷ್ಟರು ನಕ್ಕರು, ನಗಲಿ.

ಮಳೆ ಮತ್ತೆ ಕೃಪೆ ಮಾಡಿ ಆ ವರ್ಷ ಜಲಾಶಯ ತುಂಬಿಕೊಂಡಿತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತಜ್ಞರು ಪರೀಕ್ಷಿಸಿ, ಒಂದಲ್ಲ, 33 ಗೇಟುಗಳನ್ನೂ ಬದಲಿಸಿ ಎಂದರು. ಹೂಳು ತುಂಬಿ 133 ಟಿ.ಎಂ.ಸಿ.ಯಿಂದ 105ಕ್ಕೆ ಇಳಿದಿದ್ದ ಜಲಾಶಯದಲ್ಲಿ, 2025ರ ಮಳೆಗಾಲದಲ್ಲಿ ಗೇಟಿನ ಭಯಕ್ಕೆ 80ರಷ್ಟೇ ನಿಲ್ಲಿಸಿಕೊಂಡರು. ಹೊಸ ಗೇಟು ಕೂರಿಸಲು ಅನುವಾಗಲೆಂದು ಎರಡನೆಯ ಬೆಳೆಗೆ ನೀರಿಲ್ಲ ಎಂದರು. ಒಂದು ಬೆಳೆಯನ್ನೇ ಬಿಟ್ಟುಕೊಟ್ಟು ಬಿಡಿಭಾಗ ಹಾಕಿಸಿಕೊಂಡ ರೈತರ ಮನೆಗಳಲ್ಲಿ ಆ ವರ್ಷ ಅಡುಗೆಮನೆಯ ಲೆಕ್ಕ ಹೇಗೆ ನಡೆಯಿತೋ, ಅದನ್ನು ಯಾವ ಪತ್ರಿಕೆಯೂ ಬರೆದದ್ದನ್ನು ನಾನು ಕಾಣಲಿಲ್ಲ.

ಮೊನ್ನೆ ಶಿರಾಕ್ಕೆ ಹೋದಾಗ ಆ ಮುದುಕರ ಅಂಗಡಿಯನ್ನು ಹುಡುಕಿಕೊಂಡು ಹೋದೆ. ಮಗ ಕೂತಿದ್ದ. ತಂದೆಗೆ ಕಣ್ಣು ಮಂಜಾಗಿದೆ, ಮನೆಯಲ್ಲೇ ಇರುತ್ತಾರೆ ಎಂದ. ಬಿಸ್ಕತ್ತಿನ ಡಬ್ಬಿ ಕೇಳಿದೆ. “ಅಂಗಡಿಗೆ ಬಣ್ಣ ಹೊಡೆಸಿದಾಗ ಗುಜರಿಗೆ ಹಾಕಿಬಿಟ್ವಿ ಮೇಡಂ,” ಎಂದ. ಎರಡನೆಯ ವಾಲ್ವು ನನ್ನ ಸಾಸಿವೆ ಡಬ್ಬಿಯ ಪಕ್ಕದಲ್ಲಿ, ಅದೇ ಕಾಗದದಲ್ಲಿ ಇದೆ.