ಅಣ್ಣನ ಬಂಗಲೆ, ಕಾರವಾರದ ಕಡಲು: ಟ್ಯಾಗೋರರ ಒಂದು ರಜೆಯ ಕಥೆ

1/7

ಕೊಡಗಿನಲ್ಲಿ ಎಲ್ಲಾ ಇದೆ, ಸಮುದ್ರ ಒಂದಿಲ್ಲ. ಏಪ್ರಿಲ್ ಬಂತು ಅಂದ್ರೆ ಬೇರೆ ಊರಿನ ಕಾರುಗಳು ಘಟ್ಟ ಹತ್ತಿ ನಮ್ಮ ಕಡೆ ಬರ್ತವೆ, ನಾವು ಘಟ್ಟ ಇಳಿದು ಕಣ್ಣೂರು, ಉಳ್ಳಾಲ ಅಂತ ಹೋಗ್ತೇವೆ. ಈ ವಾರ ನಿಮ್ಮ ಫೀಡಿನಲ್ಲೂ ಅದೇ ಇರಬೇಕು: ಮರಳು, ಎಳನೀರು, ಸಂಜೆ ಸೂರ್ಯ, ಯಾರೋ ಸಂಬಂಧಿಕರ ಬೀಚ್ ಮನೆಯ ಜಗಲಿ. ಹಾಗಾಗಿ ಈ ಸಲದ ಸರಣಿಗೆ ಕೋಟೆ ಬೇಡ, ಯುದ್ಧ ಬೇಡ. ಒಂದು ರಜೆಯ ಇತಿಹಾಸ ಹೇಳ್ತೇನೆ. ನಡೆದದ್ದು ನಮ್ಮದೇ ರಾಜ್ಯದ ಕಾರವಾರದಲ್ಲಿ, ಸುಮಾರು 140 ವರ್ಷದ ಹಿಂದೆ. ರಜೆಗೆ ಬಂದ ಹುಡುಗನಿಗೆ 22 ವರ್ಷ. ಕೈಯಲ್ಲಿ ಡಿಗ್ರಿ ಇಲ್ಲ, ಕೆಲಸವೂ ಇಲ್ಲ. ಹೆಸರು ರವೀಂದ್ರನಾಥ ಟ್ಯಾಗೋರ್.

ಸ್ವಲ್ಪ ಉದ್ದ ಇದೆ. ಸೇವ್ ಮಾಡಿಟ್ಟು ಆಮೇಲೆ ಓದಿದ್ರೂ ಪರವಾಗಿಲ್ಲ.

2/7

ಗಡ್ಡದ ಟ್ಯಾಗೋರ್, ನೊಬೆಲ್ ಟ್ಯಾಗೋರ್ ಎಲ್ಲಾ ಮರೆತುಬಿಡಿ. ನೊಬೆಲ್ ಬಂದದ್ದು 1913ರಲ್ಲಿ, ಈ ಕಥೆ ಅದಕ್ಕಿಂತ ಮೂವತ್ತು ವರ್ಷ ಹಿಂದಿನದು. ಈ ಹುಡುಗನನ್ನು ಬ್ಯಾರಿಸ್ಟರ್ ಮಾಡಬೇಕು ಅಂತ 1878ರಲ್ಲಿ ಇಂಗ್ಲೆಂಡಿಗೆ ಕಳಿಸಿದ್ರು. 1880ರಲ್ಲಿ ಡಿಗ್ರಿ ಇಲ್ಲದೆ ವಾಪಸ್ ಬಂದ. ಮರುವರ್ಷ ಮತ್ತೆ ಹೊರಟ, ಈ ಸಲ ಇಂಗ್ಲೆಂಡ್ ತನಕವೂ ಹೋಗ್ಲಿಲ್ಲ, ಮದ್ರಾಸಿನಿಂದಲೇ ತಿರುಗಿ ಬಂದ. ನಮ್ಮಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ನೆಂಟರ ವಾಟ್ಸ್ಯಾಪ್ ಗ್ರೂಪ್ ಸುಮ್ಮನಿರ್ತಿತ್ತಾ ಹೇಳಿ?

ಆದ್ರೆ ಮನೆಯಲ್ಲಿ ಇನ್ನೊಬ್ಬರು ಇದ್ರು, ಎಲ್ಲಾ ಸರಿಯಾಗಿ ಮಾಡಿದವರು. ಎರಡನೇ ಅಣ್ಣ ಸತ್ಯೇಂದ್ರನಾಥ. ತಮ್ಮನಿಗಿಂತ 19 ವರ್ಷ ದೊಡ್ಡವರು. ಆಗ ಐಸಿಎಸ್ ಪರೀಕ್ಷೆ ನಡೀತಿದ್ದದ್ದು ಲಂಡನ್ನಿನಲ್ಲಿ ಮಾತ್ರ. ಭಾರತೀಯರಿಗೆ ಬಾಗಿಲು ತೆರೆದಿದೆ ಅಂತ ಕಾಗದದಲ್ಲಿ ಇತ್ತು, ಆದ್ರೆ ಆ ಬಾಗಿಲ ಹತ್ತಿರ ಹೋಗೋದಕ್ಕೆ ಹಡಗಿನ ಟಿಕೆಟ್ ಬೇಕಿತ್ತಲ್ಲ. 1863ರಲ್ಲಿ ಸತ್ಯೇಂದ್ರನಾಥ ಪಾಸಾದ್ರು. ಐಸಿಎಸ್ ಸೇರಿದ ಮೊದಲ ಭಾರತೀಯ ಇವರೇ. ಕೆಲಸ ಸಿಕ್ಕಿದ್ದು ಬಾಂಬೆ ಪ್ರಾಂತ್ಯದಲ್ಲಿ. ಊರಿಂದ ಊರಿಗೆ ವರ್ಗವಾಗ್ತಾ 1880ರ ದಶಕದ ಆರಂಭದಲ್ಲಿ ಅವರು ಕಾರವಾರದಲ್ಲಿ ಜಡ್ಜ್ ಆಗಿದ್ರು.

ಇವರ ಹೆಂಡತಿ ಜ್ಞಾನದಾನಂದಿನಿ ದೇವಿಯವರ ಬಗ್ಗೆ ಒಂದು ಸಾಲು ಹೇಳಿ ಮುಂದೆ ಹೋಗ್ತೇನೆ. ರವಿಕೆ, ಒಳಲಂಗ, ಎದುರಿಗೆ ನೆರಿಗೆ ಹಾಕಿ ಸೀರೆ ಉಡೋ ಕ್ರಮವನ್ನು ಬಂಗಾಳದ ಹೆಣ್ಣುಮಕ್ಕಳಿಗೆ ಕಲಿಸಿದ್ದು ಅವರು, ಬಾಂಬೆಯ ಪಾರ್ಸಿ ಹೆಂಗಸರನ್ನು ನೋಡಿ. ಇವತ್ತು ದೇಶವೆಲ್ಲ ಹೆಚ್ಚುಕಮ್ಮಿ ಹಾಗೇ ಉಡುತ್ತೆ. ನೆರಿಗೆ ಹಿಂದಕ್ಕೆ ಹಾಕುವ ನಮ್ಮ ಕೊಡವತಿಯರನ್ನು ಬಿಟ್ಟು!

3/7

ಈಗ ನನ್ನ ಇಷ್ಟದ ಭಾಗ. ಬಿಕಾಂನವರು ಸ್ವಲ್ಪ ಗಮನ ಕೊಡಿ.

ಜಡ್ಜ್ ಒಬ್ಬರು ಕಾರವಾರದಲ್ಲಿ ಯಾಕೆ ಇದ್ರು? ಯಾಕೆಂದ್ರೆ ಅದು ಜಿಲ್ಲಾ ಕೇಂದ್ರ. ಕಾರವಾರ ಯಾಕೆ ಜಿಲ್ಲಾ ಕೇಂದ್ರ ಆಯ್ತು? ಉತ್ತರ ಇರೋದು ಅಮೆರಿಕದಲ್ಲಿ.

1799ರ ನಂತರ ಕೆನರಾ ಕರಾವಳಿ ಪೂರ್ತಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು, ದಕ್ಷಿಣದ ರಾಜ್ಯಗಳಿಂದ ಇಂಗ್ಲೆಂಡಿಗೆ ಹೋಗ್ತಿದ್ದ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ಕಡೆಯ ಗಿರಣಿಗಳಿಗೆ ಉಸಿರು ಕಟ್ಟಿತು. ಹತ್ತಿ ಎಲ್ಲಿ ಸಿಗುತ್ತೆ ಅಂತ ಹುಡುಕಿದವರ ಕಣ್ಣಿಗೆ ಧಾರವಾಡ ಬಿತ್ತು. ಅಲ್ಲಿ ಅಮೆರಿಕನ್ ತಳಿಯ ಹತ್ತಿಯನ್ನೂ ಬೆಳೀತಿದ್ರು. ಧಾರವಾಡದಿಂದ ಬಾಂಬೆಗೆ ಎತ್ತಿನ ಗಾಡಿಯಲ್ಲಿ ಸಾಗಿಸೋ ಬದಲು ಹತ್ತಿರದಲ್ಲೇ ಘಟ್ಟ ಇಳಿಸಿ ಕಾರವಾರದಿಂದ ಹಡಗು ಹತ್ತಿಸಿದ್ರೆ? ಲೆಕ್ಕ ಚೆನ್ನಾಗಿತ್ತು. ತೊಂದರೆ ಏನು ಅಂದ್ರೆ ಧಾರವಾಡ ಬಾಂಬೆಯವರದ್ದು, ಕಾರವಾರ ಮದ್ರಾಸಿನವರದ್ದು. ಹತ್ತಿ ವ್ಯಾಪಾರಿಗಳು ಒತ್ತಡ ಹಾಕಿದ್ರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಬಾಂಬೆಗೆ ಸೇರಿಸಿದ್ರು. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು.

ಒಂದು ಜಿಲ್ಲೆಯ ವಿಳಾಸವನ್ನೇ ಬದಲಿಸಿದ್ದು ಹತ್ತಿಯ ಸಾಗಾಟ ಖರ್ಚು. ಇದನ್ನು ನಮಗೆ ಯಾವ ಪುಸ್ತಕದಲ್ಲೂ ಹೀಗೆ ಹೇಳಿಕೊಡ್ಲಿಲ್ಲ ಅನ್ನೋದು ನನಗೆ ಬೇಜಾರು. (ಆಗ ಕನ್ನಡ ಮಾತಾಡುವವರು ಎಷ್ಟು ಸರ್ಕಾರಗಳಲ್ಲಿ ಹಂಚಿಹೋಗಿದ್ರು ನೋಡಿ: ಕಾರವಾರ ಬಾಂಬೆಗೆ, ಮಂಗಳೂರು ಮದ್ರಾಸಿಗೆ, ಮೈಸೂರು ಬೇರೆ, ಕೊಡಗು ಅದಕ್ಕಿಂತ ಬೇರೆ.)

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ದರ ಬಿತ್ತು. ಕಾರವಾರಕ್ಕೆ ಬರಬೇಕಿದ್ದ ರೈಲು ಬರಲೇ ಇಲ್ಲ. 1880ರ ದಶಕದ ಕೊನೆಗೆ ರೈಲು ಸಿಕ್ಕಿದ್ದು ಪಕ್ಕದ ಗೋವಾದ ಮುರ್ಮಗೋವಾ ಬಂದರಿಗೆ. ಸರಕೂ ಅಲ್ಲಿಗೇ ಹೋಯ್ತು. ಕಾರವಾರಕ್ಕೆ ಉಳಿದದ್ದು ಕೋರ್ಟು, ಕಚೇರಿ, ಅಧಿಕಾರಿಗಳ ಬಂಗಲೆಗಳು ಮತ್ತು ಖಾಲಿ ಸಮುದ್ರ. ಕಾರವಾರ ನೋಡಿದ್ರೆ ಬಂದರು ಅನ್ನಿಸೋದೇ ಇಲ್ಲ, ಗುಡ್ಡಗಳ ಮಧ್ಯೆ ಅಷ್ಟು ಏಕಾಂತ ಅಂತ ಟ್ಯಾಗೋರ್ ಮೆಚ್ಚಿ ಬರೆದಿದ್ದಾರೆ. ಅವರಿಗೆ ಏಕಾಂತವಾಗಿ ಕಂಡದ್ದು ಒಂದು ಕೈಕೊಟ್ಟ ಹೂಡಿಕೆ!

4/7

ಸರಿ, ರಜೆಗೆ ಬರೋಣ.

ಟ್ಯಾಗೋರ್ ಒಬ್ಬರೇ ಬರ್ಲಿಲ್ಲ, ಒಂದು ಗುಂಪಾಗಿ ಬಂದ್ರು. ಈ ದಿನಗಳನ್ನು ಅವರು ನೆನಪಿಸಿಕೊಂಡದ್ದು ಐವತ್ತರ ಹೊತ್ತಿಗೆ, 1912ರಲ್ಲಿ ಪುಸ್ತಕವಾಗಿ ಬಂದ 'ಜೀವನಸ್ಮೃತಿ'ಯಲ್ಲಿ. ಕಾರವಾರಕ್ಕೆ ಸಿಕ್ಕಿದ್ದು ಕೆಲವೇ ಪುಟ. ಆದ್ರೆ ಓದಿದ್ರೆ ಆ ಊರಿಗೆ ಹೋಗಿ ಬಂದ ಹಾಗೆ ಆಗುತ್ತೆ. ಅರ್ಧಚಂದ್ರದ ಹಾಗಿರುವ ಮರಳು ದಂಡೆ, ಅಂಚಿಗೆ ಗಾಳಿಮರದ ತೋಪು, ಒಂದು ತುದಿಯಲ್ಲಿ ಗುಡ್ಡಗಳ ನಡುವಿಂದ ಬಂದು ಸಮುದ್ರ ಸೇರುವ ಕಾಳಿ ನದಿ.

ಒಂದು ಬೆಳದಿಂಗಳ ಸಂಜೆ ಗುಂಪೆಲ್ಲ ಸೇರಿ ಸಣ್ಣ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದ್ರಂತೆ. ಶಿವಾಜಿಯ ಕಾಲದ ಒಂದು ಬೆಟ್ಟದ ಕೋಟೆ ಹತ್ತಿರ ಇಳಿದ್ರು. ಅಲ್ಲೊಬ್ಬ ರೈತನ ಮನೆ, ಚೊಕ್ಕಟವಾಗಿ ಗುಡಿಸಿದ ಅಂಗಳ. ಬೇಲಿಯ ಆಚೆಯಿಂದ ಬೆಳದಿಂಗಳು ಬೀಳ್ತಿದ್ದ ಕಡೆ ಕೂತು, ಕಟ್ಟಿಕೊಂಡು ಬಂದಿದ್ದ ಊಟ ಮಾಡಿದ್ರು. ವಾಪಸ್ ಬರುವಾಗ ದೋಣಿಯನ್ನು ಹರಿವಿಗೆ ಬಿಟ್ಟರು. ನದಿ ಬಾಯಿಗೆ ಬರುವಷ್ಟರಲ್ಲಿ ತುಂಬಾ ಹೊತ್ತಾಗಿತ್ತು. ಸಮುದ್ರದಲ್ಲಿ ಹೋಗೋದು ಬೇಡ ಅಂತ ಇಳಿದು ಮರಳ ಮೇಲೆ ಮನೆಗೆ ನಡೆದ್ರು. ಅಲೆ ಇಲ್ಲ, ಗಾಳಿಮರಗಳ ಸದ್ದೂ ಇಲ್ಲ. ಯಾರೂ ಮಾತಾಡ್ಲಿಲ್ಲ, ನೆರಳುಗಳು ಮಾತ್ರ ಜೊತೆಗೆ ನಡೆದವು.

ಇಷ್ಟೇ ಘಟನೆ. ಏನೂ ಆಗಲೇ ಇಲ್ಲ ಅಂತ ಬೇಕಾದ್ರೂ ಹೇಳಬಹುದು.

ಆ ರಾತ್ರಿ ಒಂದು ಪದ್ಯ ಬರೆದ್ರು. ಅದರ ಬಗ್ಗೆ ಆಮೇಲೆ ಅವರೇ ಹೇಳೋ ಮಾತು ನಮ್ಮಂಥ ತಕ್ಷಣ ಪೋಸ್ಟ್ ಮಾಡುವವರಿಗೆ ಚುಚ್ಚುತ್ತೆ. ಭಾವನೆ ಬಿಸಿ ಇರುವಾಗಲೇ ಬರೆದದ್ದು ಒಳ್ಳೆಯದಾಗಲಿಕ್ಕೆ ಕಷ್ಟ, ಬರವಣಿಗೆಗೆ ಸ್ವಲ್ಪ ದೂರ ಬೇಕು, ನೆನಪಾಗಿ ಮಾಗಬೇಕು ಅನ್ನೋದು ಅವರ ಅಭಿಪ್ರಾಯ. ರೀಲ್ಸ್ ಬಗ್ಗೆಯೂ ಹಾಗೇ ಅನ್ನಿಸುತ್ತೆ ನನಗೆ, ಆದ್ರೂ ಹಾಕ್ತೇನೆ.

5/7

ಕಾರವಾರದಲ್ಲೇ ಅವರು 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದ್ರು. ಪ್ರಕೃತಿಯ ಸೇಡು ಅಂತ ಅರ್ಥ. ಒಬ್ಬ ಸನ್ಯಾಸಿ ಎಲ್ಲಾ ಬಂಧ ಕಡಿದುಕೊಂಡು ಪ್ರಕೃತಿಯನ್ನೇ ಗೆದ್ದೆ ಅಂದುಕೊಂಡಿರ್ತಾನೆ. ಊರವರು ಮುಟ್ಟಿಸಿಕೊಳ್ಳದ ಒಬ್ಬಳು ಅನಾಥ ಹುಡುಗಿ ಅವನ ಹಿಂದೆ ಬರ್ತಾಳೆ. ಅವಳ ಮೇಲೆ ಹುಟ್ಟುವ ಪ್ರೀತಿ ಅವನನ್ನು ಮತ್ತೆ ಜನರ ನಡುವೆ ಎಳೆಯುತ್ತೆ. ದೊಡ್ಡದು ಸಿಗೋದು ಸಣ್ಣದರ ಒಳಗೇ ಅನ್ನೋದು ನಾಟಕದ ತಿರುಳು. ಮುಂದೆ ತಾನು ಬರೆದ ಎಲ್ಲದಕ್ಕೂ ಇದೇ ಮುನ್ನುಡಿ ಅಂತ ಟ್ಯಾಗೋರ್ ಒಪ್ಪಿಕೊಂಡಿದ್ದಾರೆ. ಅಂದ್ರೆ ನೊಬೆಲ್ ತನಕ ಹೋದ ದಾರಿಯ ಒಂದು ತುದಿ ಕಾರವಾರದ ಮರಳಿನಲ್ಲಿದೆ.

ವಾಪಸ್ ಹೋಗುವಾಗ ಹಡಗಿನ ಡೆಕ್ಕಿನಲ್ಲಿ ಕೂತು ಈ ನಾಟಕಕ್ಕೆ ಹಾಡು ಕಟ್ಟಿದ್ರು. ರೈಲು ಇರ್ಲಿಲ್ಲ ಅಂದೆನಲ್ಲ, ಕಾರವಾರಕ್ಕೆ ಸುಲಭದ ದಾರಿ ಸಮುದ್ರವೇ. ಊರಿಗೆ ಹೋದ ಸ್ವಲ್ಪ ದಿನಕ್ಕೆ, 1883ರ ಡಿಸೆಂಬರಿನಲ್ಲಿ, ಮದುವೆ ಆಯ್ತು. ಅಲ್ಲಿಗೆ ಆ ಥರದ ರಜೆ ಮುಗೀತು ಅನ್ನಿ.

6/7

ಇಲ್ಲಿ ನಿಲ್ಲಿಸಿದ್ರೆ ಇದು "ಸುಮ್ಮನೆ ಕೂತ್ರೆ ಐಡಿಯಾ ಬರುತ್ತೆ" ಅನ್ನೋ ಮೋಟಿವೇಶನ್ ಪೋಸ್ಟ್ ಆಗುತ್ತೆ. ನನಗೆ ಆ ಥರದ ಪೋಸ್ಟ್ ಕಂಡ್ರೆ ಆಗಲ್ಲ. ಹಾಗಾಗಿ ಖರ್ಚಿನ ಲೆಕ್ಕ ನೋಡೋಣ.

ಆ ಸುಮ್ಮನೆ ಕೂರೋದಕ್ಕೆ ದುಡ್ಡು ಕೊಟ್ಟವರು ಯಾರು? ಒಂದು, ಅಣ್ಣನ ಐಸಿಎಸ್ ಸಂಬಳ ಮತ್ತು ಮನೆ. ಇನ್ನೊಂದು, ಬಂಗಾಳದ ಜಮೀನ್ದಾರಿ. ಅಜ್ಜ ದ್ವಾರಕಾನಾಥ ಟ್ಯಾಗೋರ್ 1834ರಲ್ಲಿ ಇಂಗ್ಲಿಷರ ಜೊತೆ ಸೇರಿ ಕಾರ್, ಟ್ಯಾಗೋರ್ ಅಂಡ್ ಕಂಪನಿ ಕಟ್ಟಿದವರು. 1846ರಲ್ಲಿ ಅವರು ಲಂಡನ್ನಿನಲ್ಲಿ ತೀರಿಕೊಂಡ ಮೇಲೆ ಕಂಪನಿ ಮುಳುಗಿತು, ಸಾಲ ತೀರಿಸೋ ಭಾರ ಅಪ್ಪ ದೇಬೇಂದ್ರನಾಥರ ಮೇಲೆ ಬಿತ್ತು. ಸಂಸಾರವನ್ನು ನಿಲ್ಲಿಸಿದ್ದು ಹಳ್ಳಿಗಳಿಂದ ಬರ್ತಿದ್ದ ಗೇಣಿ. ಎರಡು ಸಲ ಓದು ಬಿಟ್ಟು ಬಂದ ಹುಡುಗನಿಗೆ ಬೆಳದಿಂಗಳಲ್ಲಿ ದೋಣಿ ಹತ್ತೋ ಧೈರ್ಯ ಎಲ್ಲಿಂದ ಬಂತು ಅಂದ್ರೆ ಇಲ್ಲಿಂದ. ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಬ್ಯಾಕ್ ಬಂದ್ರೆ ಇಡೀ ಬೇಸಿಗೆ ಹೋಯ್ತು.

ಇದನ್ನು ಟ್ಯಾಗೋರರನ್ನು ಬೈಯೋದಕ್ಕೆ ಹೇಳ್ತಿಲ್ಲ. ಆಮೇಲೆ ಅವರೇ ಜಮೀನ್ದಾರಿ ನೋಡಿಕೊಳ್ಳೋಕೆ ಹಳ್ಳಿಗಳಿಗೆ ಹೋಗಿ, ಗೇಣಿ ಕೊಡುವವರ ಬದುಕನ್ನು ಕಥೆಗಳಲ್ಲಿ ಬರೆದ್ರು. ನನಗೆ ತಲೆಯಲ್ಲಿ ಉಳಿದುಬಿಟ್ಟಿದ್ದು ಮಾತ್ರ ಆ ರೈತನ ಅಂಗಳ.

ಯೋಚಿಸಿ ನೋಡಿ. ರಾತ್ರಿ ಹೊತ್ತು ಜಡ್ಜ್ ಸಾಹೇಬರ ಮನೆಯವರು ದೋಣಿಯಲ್ಲಿ ಬಂದು ನಿಮ್ಮ ಅಂಗಳದಲ್ಲಿ ಕೂತು ಊಟ ಮಾಡ್ತಾರೆ. ಬೇಡ ಅನ್ನೋಕೆ ಆಗುತ್ತಾ? ಅಂಗಳ ಗುಡಿಸಿದ್ದು ಯಾರು? ಮನೆಯ ಹೆಂಗಸಿರಬೇಕು. ನೆನಪಿನಲ್ಲಿ ಅಂಗಳದ ಚೊಕ್ಕಟಕ್ಕೆ ಜಾಗ ಸಿಕ್ಕಿದೆ, ಗುಡಿಸಿದ ಕೈಗೆ ಇಲ್ಲ. ಈ ಕಥೆಯನ್ನು ಕೋಲ್ಕತಾದಲ್ಲಿ ಕೂತು ಓದಿದ್ರೆ ನೀವು ದೋಣಿಯಲ್ಲಿ ಇರ್ತೀರಿ. ಕೊಡಗಿನಲ್ಲಿ ಕೂತು ಓದಿದ್ರೆ ಅಂಗಳದಲ್ಲಿ ಇರ್ತೀರಿ. ನಮ್ಮ ಕ್ಲಾಸಿನಲ್ಲೇ ಎಷ್ಟು ಜನರ ಮನೆಯಲ್ಲಿ ಹೋಂಸ್ಟೇ ಇದೆ? ಶನಿವಾರ ಬೆಳಿಗ್ಗೆ ಬೆಡ್‌ಶೀಟ್ ಒಗೆದು, ಪಂದಿ ಕರಿಗೆ ರೆಡಿ ಮಾಡಿ, ರಾತ್ರಿ ಹನ್ನೊಂದಕ್ಕೆ ಗೂಗಲ್ ಮ್ಯಾಪ್ ನಂಬಿ ದಾರಿ ತಪ್ಪಿದವರಿಗೆ ಟಾರ್ಚ್ ಹಿಡಿದು ನಿಲ್ಲೋದು ಯಾರು ಅಂತ ನಿಮಗೆ ಗೊತ್ತು. ಬಂದವರು "ಎಷ್ಟು ಪ್ರಶಾಂತ ಮಾರಾಯ್ರೆ" ಅಂತ ರಿವ್ಯೂ ಬರೀತಾರೆ. ರೇಟಿಂಗ್ ಸಿಗೋದು ಅಂಗಳಕ್ಕೆ.

7/7

ಆ ಬೀಚಿಗೆ ಈಗ ರವೀಂದ್ರನಾಥ ಟ್ಯಾಗೋರ್ ಕಡಲತೀರ ಅಂತಲೇ ಹೆಸರು. ದಂಡೆಯ ಮೇಲೆ ಐಎನ್‌ಎಸ್ ಚಪಲ್ ಎಂಬ ಹಳೇ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿ ನಿಲ್ಲಿಸಿದ್ದಾರೆ, ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ.

ಬಂದರಿನ ಕನಸು ಮಾತ್ರ ಕಾರವಾರವನ್ನು ಬಿಡಲೇ ಇಲ್ಲ. 1986ರಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ್ರು, 2005ರಲ್ಲಿ ಐಎನ್‌ಎಸ್ ಕದಂಬ ಕೆಲಸ ಶುರು ಮಾಡಿತು. ಅದಕ್ಕಾಗಿ ಊರಿನ ದಕ್ಷಿಣದ ಹಳ್ಳಿಗಳಲ್ಲಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲು ಬಿಟ್ಟು ಎದ್ದವು. ಬಿಣಗಾ, ಅರಗಾ ಕಡೆಯ ದಂಡೆಗಳಿಗೆ ಈಗ ಬೇಕಾದ ಹಾಗೆ ಹೋಗಲಿಕ್ಕಾಗಲ್ಲ. ಮೀನುಗಾರರಿಗೆ ಬಲೆ ಎಳೆಯೋಕೆ ಪಟ್ಟಣದ ಎದುರಿನ ಟ್ಯಾಗೋರ್ ದಂಡೆ ಇನ್ನಷ್ಟು ಮುಖ್ಯ ಆಯ್ತು. ಹಾಗಿರುವಾಗ ವಾಣಿಜ್ಯ ಬಂದರಿನ ಎರಡನೇ ಹಂತದ ವಿಸ್ತರಣೆ ಶುರುವಾಯ್ತು. ಅಲೆತಡೆಗೋಡೆ ಬಂದ್ರೆ ಈ ದಂಡೆಯೂ ಹೋಗುತ್ತೆ ಅಂತ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದ್ರು, ಹೆಂಗಸರು ಮುಂದೆ ನಿಂತ್ರು, ಊರು ಬಂದ್ ಆಯ್ತು. ವಿಷಯ ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆ ಸಿಕ್ಕಿತು.

ಕಾಳಿ ನದಿಯ ಮೇಲಿನ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಒಂದು ಲಾರಿ ನೀರಿಗೆ ಬಿದ್ದದ್ದು ನಿಮಗೆ ನೆನಪಿರಬಹುದು. ಟ್ಯಾಗೋರರ ಗುಂಪು ದೋಣಿ ಇಳಿದು ನಡೆದ ನದಿಬಾಯಿ ಇರೋದೂ ಆ ಕಡೆಯೇ. ಎದುರು ದಡದ ಗುಡ್ಡದ ಮೇಲೆ ಸೋದೆ ಅರಸರು ಕಟ್ಟಿಸಿದ ಸದಾಶಿವಗಡ ಇದೆ.

ಈ ರಜೆಗೆ ಆ ಕಡೆ ಹೋಗೋ ಪ್ಲಾನ್ ಇದ್ರೆ ಸಂಜೆ ದಂಡೆಯ ಮೇಲೆ ಕಾಳಿ ಕಡೆಗೆ ನಡೆದು ನೋಡಿ. ದೋಣಿ ಎಳೆದು ಹಾಕಿ ಬಲೆ ಸರಿ ಮಾಡ್ತಾ ಕೂತವರು ಸಿಗ್ತಾರೆ. ಫೋಟೋ ತೆಗೆಯೋ ಮೊದಲು ಅವರ ಹತ್ತಿರ ಬಂದರಿನ ವಿಷಯ ಕೇಳಿ. ಬೆಳದಿಂಗಳಿಗೆ ಆಮೇಲೂ ಟೈಮ್ ಇರುತ್ತೆ.