ಹೆಸರು ಒಬ್ಬರದು, ಗಿಟಾರ್ ಇನ್ನೊಬ್ಬರದು

2012ರ ಡಿಸೆಂಬರ್‌ನಲ್ಲಿ ‘ಗನ್ಸ್ ಎನ್ ರೋಸಸ್’ ಎಂಬ ಅಮೆರಿಕದ ರಾಕ್ ತಂಡ ಬೆಂಗಳೂರಿಗೆ ಬಂದಿತು. ಗಾಯಕ ಆಕ್ಸಲ್ ರೋಸ್ ಇದ್ದ. ಗಿಟಾರ್ ಹಿಡಿದವರು ಮೂವರಿದ್ದರು. ಆ ಮೂವರಲ್ಲಿ ಸ್ಲ್ಯಾಶ್ ಇರಲಿಲ್ಲ. ಉದ್ದ ಟೋಪಿಯ, ಗುಂಗುರು ಕೂದಲಲ್ಲಿ ಮುಖ ಮರೆಸಿಕೊಳ್ಳುವ ಆತ ತಂಡ ಬಿಟ್ಟು ಆಗಲೇ ಹದಿನಾರು ವರ್ಷಗಳಾಗಿದ್ದವು.

ಒಬ್ಬ ವಾದಕನಿಲ್ಲದಿದ್ದರೆ ಏನಾಯಿತು ಎಂದು ಹುಬ್ಬಳ್ಳಿ-ಧಾರವಾಡದ ರಸಿಕರು ಕೇಳಬಹುದು. ಇಲ್ಲಿಯ ಗಾಯನದ ಬೈಠಕ್ಕುಗಳಲ್ಲಿ ಸಾರಂಗಿ, ಹಾರ್ಮೋನಿಯಂ ಹಾಡುವವರ ಬೆನ್ನಿಗೇ ಸಾಗುತ್ತವೆ. ಹಾರ್ಡ್ ರಾಕ್‌ನ ಲೀಡ್ ಗಿಟಾರ್ ಹಾಗಲ್ಲ. ಗಾಯಕ ನಿಲ್ಲಿಸಿದಲ್ಲಿ ಅದು ಹಾಡತೊಡಗುತ್ತದೆ. ತಂತಿಯನ್ನು ಮೆಟ್ಟಿನ ಮೇಲೆ ಅಡ್ಡಕ್ಕೆಳೆದು ಸ್ವರ ಏರಿಸುವ ಬಗೆ ಸಿತಾರದ ಮೀಂಡನ್ನೇ ಹೋಲುತ್ತದೆ. ಧಾರವಾಡದಲ್ಲಿ ಅದನ್ನು ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸವಿರುವುದು ವಿದ್ಯುತ್ತಿನಲ್ಲಿ. ಮೀಟಿದ ತಂತಿಯ ನಾದ ಬೇಗ ಅಡಗುತ್ತದೆ. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದರೆ ನಾದ ಒಡೆದು ಒರಟಾಗುತ್ತದೆ, ಆದರೆ ಉಸಿರು ಹಿಡಿದ ಕಂಠದಂತೆ ಉದ್ದಕ್ಕೂ ನಿಲ್ಲುತ್ತದೆ.

ಸ್ಲ್ಯಾಶ್‌ನ ನಿಜನಾಮ ಸಾಲ್ ಹಡ್ಸನ್. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ಲಾಸ್ ಏಂಜಲಿಸ್‌ನಲ್ಲಿ ಬೆಳೆದವ. 1985ರಲ್ಲಿ ತಂಡ ಸೇರಿದ. 1987ರ ಮೊದಲ ಆಲ್ಬಂ ‘ಅಪೆಟೈಟ್ ಫಾರ್ ಡಿಸ್ಟ್ರಕ್ಷನ್’ ಜಗತ್ತಿನಾದ್ಯಂತ ಸುಮಾರು 3 ಕೋಟಿ ಪ್ರತಿ ಮಾರಾಟವಾಗಿದೆ. ಅದರಲ್ಲಿನ ‘ಸ್ವೀಟ್ ಚೈಲ್ಡ್ ಓ ಮೈನ್’ 1988ರಲ್ಲಿ ಅಮೆರಿಕದ ಪಟ್ಟಿಯ ತುದಿಗೇರಿತು. ಹಾಡಿನ ಆರಂಭದ ಗಿಟಾರ್ ಸುತ್ತು ಹುಟ್ಟಿದ್ದು ಬೆರಳು ಪಳಗಿಸಲು ತಮಾಷೆಗೆ ನುಡಿಸಿದ ಅಭ್ಯಾಸದಿಂದ. ನಮ್ಮವರ ರಿಯಾಜಿನ ಪಲ್ಟಾ ಇದ್ದಂತೆ. ನುಡಿಸಿದವನಿಗೇ ಅದು ಅಷ್ಟಾಗಿ ಹಿಡಿಸಿರಲಿಲ್ಲ! ಹಾಡಿನ ಒಂದು ಮಾತೂ ತಿಳಿಯದವರು ಈ ಸುತ್ತನ್ನು ಗುರುತಿಸುತ್ತಾರೆ.

1996ರಲ್ಲಿ ಸ್ಲ್ಯಾಶ್ ಹೊರನಡೆದ. ತಂಡದ ಹೆಸರು ರೋಸ್ ಬಳಿ ಉಳಿಯಿತು. ಆ ಹೆಸರಿನಲ್ಲಿ 2008ರಲ್ಲಿ ಬಂದ ‘ಚೈನೀಸ್ ಡೆಮಾಕ್ರಸಿ’ ಮೊದಲಿನ ಮಾರಾಟದ ಹತ್ತಿರಕ್ಕೂ ಸುಳಿಯಲಿಲ್ಲ. ಇತ್ತ ಸ್ಲ್ಯಾಶ್ ‘ವೆಲ್ವೆಟ್ ರಿವಾಲ್ವರ್’ ತಂಡ ಕಟ್ಟಿದ. ಬಳಿಕ ಸ್ವಂತ ಹೆಸರಿನಲ್ಲೇ ತಿರುಗಿ 2015ರಲ್ಲಿ ಬೆಂಗಳೂರಿನಲ್ಲೂ ನುಡಿಸಿದ. ಆದರೆ ಬೆರಳೇ ಎಲ್ಲವೂ ಎನ್ನಲಾಗದು. ಅವನ ಸ್ವಂತ ದಾಖಲೆಗಳೂ ಆ ಮೊದಲ ಆಲ್ಬಮ್ಮಿನ ಎತ್ತರ ಮುಟ್ಟಲಿಲ್ಲ.

ಹಳಬರೆಲ್ಲ ಮತ್ತೆ ಕೂಡುವಿರಾ ಎಂದು 2012ರಲ್ಲಿ ಕೇಳಿದಾಗ ರೋಸ್ ಕೊಟ್ಟ ಉತ್ತರದ ಅರ್ಥ: ಈ ಜನ್ಮದಲ್ಲಂತೂ ಇಲ್ಲ. 2016ರಲ್ಲಿ ಸ್ಲ್ಯಾಶ್ ಮರಳಿದಾಗ ಪ್ರವಾಸಕ್ಕೆ ಆ ಮಾತನ್ನೇ ಹೆಸರಾಗಿಟ್ಟರು. 2019ರವರೆಗೆ ನಡೆದ ಆ ಪ್ರವಾಸ 58 ಕೋಟಿ ಡಾಲರ್ ದಾಟಿ ಗಳಿಸಿತು.

2025ರ ಮೇ 17ರಂದು ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತದ್ದು ಮುಂಬಯಿಯಲ್ಲಿ. ಬೆಂಗಳೂರಿಗೆ ಅಂದು ಆ ಜೋಡಿ ಬರಲಿಲ್ಲ.